ಅತ್ತೆಯ ಕಾಯಿ ಕಡಿದದ್ದು

ಮದುವೆಯಾಗಿ ಕ್ಯಾತನಹಳ್ಳಿಗೆ ಬಂದ ವಾರದೊಳಗೇ ನಾನು ನಮ್ಮತ್ತೆಯ ಕಾಯಿ ಕಡಿದೆ. ಮಧ್ಯಾಹ್ನ ಜಗಲಿಯ ಮೇಲೆ ಚೌಕಾಬಾರ ನಡೆದಿತ್ತು. ಹೊಸ ಸೊಸೆ ಅಂತ ನನ್ನನ್ನೂ ಕರೆದು ಕೂರಿಸಿದ್ದರು. ಕವಡೆ ಹಾಕಿದೆ, ಮೂರು ಬಿತ್ತು. ಎಣಿಸಿಕೊಂಡು ಹೋದರೆ ಸರಿಯಾಗಿ ಅತ್ತೆಯ ಹೊಂಗೆಬೀಜ ಕೂತಿದ್ದ ಮನೆ. ಹಿಂದೆಮುಂದೆ ನೋಡದೆ ಬೀಜ ಎತ್ತಿ ಅವರ ಮುಂದಿಟ್ಟು, ಆ ಜಾಗದಲ್ಲಿ ನನ್ನ ಬಳೆಚೂರು ಇಟ್ಟೆ. ಸುತ್ತ ಕೂತಿದ್ದ ಹೆಂಗಸರೆಲ್ಲ ಬಾಯಿಗೆ ಸೆರಗು ಅಡ್ಡ ಹಿಡಿದರು. ಅತ್ತೆ ಒಮ್ಮೆ ಬೀಜ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು.

"ಪಟ್ಣದೋಳು ಪರ್ವಾಗಿಲ್ಲ ಕಣ್ರೇ. ಕೈ ನಡುಗ್ನಿಲ್ಲ," ಅಂದರು.

ಪಟ್ಣ ಅಂದರೆ ಶ್ರೀರಂಗಪಟ್ಟಣ. ನಾನು ಗಂಜಾಂನವಳು, ಹೊಳೆಯ ನೀರು ಕುಡಿದು ಬೆಳೆದವಳು, ಟೀಚರ್ ಟ್ರೇನಿಂಗ್ ಮಾಡಿಕೊಂಡು ಬಂದವಳು. ಕಬ್ಬಿನ ಗದ್ದೆ ನಡುವಿನ ಊರಿಗೆ ಬಂದು ಮುದ್ದೆ ತೊಳಸಲು ಕಲಿಯುವುದರೊಳಗೆ ಕಣ್ಣೀರು ಬಂದಿತ್ತು. ಆದರೆ ಚೌಕಾಬಾರ ನನಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳಿಬಿಡುತ್ತೇನೆ. ಉದ್ದಕ್ಕೆ ಐದು, ಅಡ್ಡಕ್ಕೆ ಐದು ಮನೆಗಳ ಚೌಕ. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಕವಡೆ ಬಿದ್ದಷ್ಟು ಮನೆ ನಡೆಸಿಕೊಂಡು ಹೊರಸುತ್ತು ಮುಗಿಸಿ, ಒಳಸುತ್ತಿಗೆ ಹೋಗಿ, ನಟ್ಟನಡುವಿನ ಮನೆ ಸೇರಬೇಕು. ಸೇರಿದ ಕಾಯಿ ಹಣ್ಣಾದಂತೆ. ನಡುದಾರಿಯಲ್ಲಿ ಎದುರಾಳಿಯ ಕಾಯಿ ಇರುವ ಮನೆಗೆ ನಮ್ಮದು ಬಂದರೆ ಅದನ್ನು ಕಡಿದಂತೆ. ಅದು ಹೊರಟ ಮನೆಗೇ ವಾಪಸ್ಸು, ಮತ್ತೆ ಮೊದಲಿಂದ ಸುತ್ತಬೇಕು. ಮುಖ್ಯ ಇನ್ನೊಂದಿದೆ. ಒಂದು ಕಾಯಿಯನ್ನಾದರೂ ಕಡಿಯದವರಿಗೆ ಒಳಸುತ್ತಿಗೆ ಪ್ರವೇಶವಿಲ್ಲ. ಎಷ್ಟು ಕವಡೆ ಬಿದ್ದರೂ ಹೊರಗೇ ಸುತ್ತುತ್ತಿರಬೇಕು.

ಅತ್ತೆ ಸೊಸೆ ಎಣ್ಣೆ ಸೀಗೆಕಾಯಿ ಅನ್ನುತ್ತಾರೆ. ನಮ್ಮದೂ ಹಾಗೇ. ಸಾರಿಗೆ ಉಪ್ಪು ಮುಂದಾಗಿದ್ದು, ನಾನು ಸ್ಕೂಲಿಗೆ ಇಸ್ತ್ರಿ ಸೀರೆ ಉಟ್ಟಿದ್ದು, ಹಬ್ಬಕ್ಕೆ ತವರಿಗೆ ಹೋದವಳು ಒಂದು ದಿನ ತಡವಾಗಿ ಬಂದದ್ದು, ಇವೆಲ್ಲ ಅವರ ಮನಸ್ಸಿನಲ್ಲಿ ಇರುತ್ತಿದ್ದವು. ಅವರು ಬಾಯಿಬಿಟ್ಟು ಅನ್ನರು, ನಾನು ಬಾಯಿಬಿಟ್ಟು ಆಡೆ. ಅಡಿಗೆಮನೆಯಲ್ಲಿ ಪಾತ್ರೆಗಳ ಸದ್ದು ಮಾತ್ರ ಜೋರಾಗುತ್ತಿತ್ತು. ಸಂಜೆ ಸ್ಕೂಲಿಂದ ಬಂದು ಕಾಲು ತೊಳೆದು ಜಗಲಿಗೆ ಬಂದರೆ ಅಲ್ಲಿ ಎಲ್ಲಕ್ಕೂ ತೀರ್ಮಾನ. ಬೆಳಿಗ್ಗೆ ಉಪ್ಪಿನ ವಿಚಾರಕ್ಕೆ ಮೂಗು ಮುರಿದಿದ್ದರೆ ಸಂಜೆ ಅವರ ಕಾಯಿ ಕಡಿಯದೆ ನಾನು ಏಳುತ್ತಿರಲಿಲ್ಲ. ಅವರೂ ಕಮ್ಮಿ ಇರಲಿಲ್ಲ. ನನ್ನ ಬಳೆಚೂರನ್ನು ಎತ್ತಿಕೊಡುವಾಗ "ತಗೋ ತಾಯಿ, ತವರ್ಮನೆಗೋಗಿ ಬಾ" ಅನ್ನುತ್ತಿದ್ದರು. ಬೈದು, ಕಡಿದು, ನಕ್ಕು ಆದಮೇಲೆ ಇಬ್ಬರೂ ಒಂದೇ ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದೆವು. ಊರಿನ ಬೇರೆ ಮನೆಗಳಲ್ಲಿ ಒಲೆ ಎರಡಾದವು. ನಮ್ಮ ಮನೆಯಲ್ಲಿ ಆಗಲಿಲ್ಲ. ಅದಕ್ಕೆ ಕಾರಣ ನನ್ನ ಒಳ್ಳೆಯತನ ಅಂತ ನನ್ನ ಗಂಡ ತಿಳಿದಿದ್ದರು, ನಾನೂ ತಿದ್ದಲು ಹೋಗಲಿಲ್ಲ.

ತೊಂಬತ್ತರ ದಶಕ ಬರುವ ಹೊತ್ತಿಗೆ ಅತ್ತೆಗೆ ಎಂಬತ್ತೈದು ದಾಟಿತ್ತು. ಜಗಲಿಯ ಆಟಕ್ಕೆ ಬರುತ್ತಿದ್ದ ಅವರ ವಾರಿಗೆಯ ಹೆಂಗಸರು ಒಬ್ಬೊಬ್ಬರಾಗಿ ಹೋದರು. ಉಳಿದವಳು ನಾನೊಬ್ಬಳೇ. ಜಗಲಿಯ ಕಲ್ಲಿನ ಮೇಲೆ ಯಾವ ಕಾಲದಲ್ಲೋ ಉಳಿಯಿಂದ ಕೊರೆದಿದ್ದ ಚೌಕ ನುಣ್ಣಗೆ ಸವೆದುಹೋಗಿತ್ತು. ನಾನು ಸ್ಕೂಲಿಂದ ಸೀಮೆಸುಣ್ಣದ ತುಂಡು ತಂದು ಗೆರೆ ತಿದ್ದುತ್ತಿದ್ದೆ. ಅತ್ತೆ ನಾಲ್ಕು ಕವಡೆಯನ್ನು ಅಂಗೈಯಲ್ಲಿ ಕುಲುಕಿ, ಮಣಿಕಟ್ಟು ತಿರುಗಿಸಿ ಎಸೆದರೆ ಕಲ್ಲಿನ ಮೇಲೆ ಟಳಟಳ ಸದ್ದು. ಎಲೆಯಡಿಕೆ ಬಾಯಲ್ಲಿ, ಬೈಗುಳ ನಾಲಿಗೆಯ ತುದಿಯಲ್ಲಿ.

ಆಲೆಮನೆಗಳು ಶುರುವಾಗಿ ಊರೆಲ್ಲ ಬೆಲ್ಲದ ವಾಸನೆ ತುಂಬಿದ್ದ ದಿನಗಳಲ್ಲಿ ಅವರು ಬಚ್ಚಲಲ್ಲಿ ಜಾರಿ ಬಿದ್ದರು. ಪಾಂಡವಪುರದ ಡಾಕ್ಟರು ಎಕ್ಸರೇ ನೋಡಿ, ಮೂಳೆ ಮುರಿದಿಲ್ಲ, ದೇವರು ದೊಡ್ಡವನು, ಕೆಲವು ದಿನ ವಿಶ್ರಾಂತಿ ಕೊಡಿ ಅಂದರು. ಕೊಟ್ಟೆವು. ನನ್ನ ಗಂಡನಂತೂ ಆ ಮಾತನ್ನು ವೇದವಾಕ್ಯ ಮಾಡಿಕೊಂಡುಬಿಟ್ಟರು. ತಾಯಿಯೆಂದರೆ ಪ್ರಾಣ ಬಿಡುವ ಮನುಷ್ಯ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಲು ಕೂತರು. ನೀರಿನ ಚೊಂಬು ಕೈಗೆ, ಎಲೆಯಡಿಕೆ ಕುಟ್ಟಿ ಬಾಯಿಗೆ. ಅತ್ತೆ ಸೊಪ್ಪು ಬಿಡಿಸುತ್ತೇನೆ ಅಂದರೆ "ನೀನ್ಯಾಕವ್ವ, ಸುಮ್ಕೆ ಕುಂತ್ಕೊ." ಬಾಗಿಲವರೆಗೆ ಹೋಗಿಬರುತ್ತೇನೆ ಅಂದರೆ "ಬಿದ್ದುಬುಟ್ಟೀಯೆ ಕಣವ್ವ." ಆ ವರ್ಷ ತೊಣ್ಣೂರು ಕೆರೆ ಕೋಡಿ ಬಿದ್ದಿತ್ತು. ಪ್ರತಿ ಸಲ ಗಾಡಿ ಕಟ್ಟಿಸಿಕೊಂಡು ಹೋಗಿ ನೋಡುತ್ತಿದ್ದವರು ಈ ಸಲ ಮಗನ ಬಾಯಲ್ಲಿ ಕೇಳಿ ತೃಪ್ತಿಪಟ್ಟರು.

ಕೆಲವು ದಿನ ಅಂದದ್ದು ತಿಂಗಳಾಯಿತು, ತಿಂಗಳ ಮೇಲೆ ಇನ್ನೊಂದು ತಿಂಗಳಾಯಿತು. ನೋವು ಹೋಗಿತ್ತು, ನಡೆಯುವ ಶಕ್ತಿಯೂ ಅದರ ಜೊತೆಗೇ ಹೋಗಿತ್ತು. ಸ್ನಾನ ಮಾಡಿಸುವಾಗ ನೋಡುತ್ತಿದ್ದೆನಲ್ಲ, ತೊಡೆಯಲ್ಲಿ ಮಾಂಸವೇ ಇರಲಿಲ್ಲ, ಚರ್ಮ ಸೀರೆಯ ನೆರಿಗೆಯಂತೆ ಜೋತಿತ್ತು. ಪಾಂಡವಪುರದ ಡಾಕ್ಟರು ಇನ್ನೊಮ್ಮೆ ನೋಡಿದವರು ಹೊರಗೆ ಬಂದು ನನಗೂ ನನ್ನ ಗಂಡನಿಗೂ ಒಟ್ಟಿಗೇ ಹೇಳಿದರು. ಈಗ ಎದ್ದು ಓಡಾಡದಿದ್ದರೆ ಇನ್ನು ಏಳುವುದಿಲ್ಲ, ಹಾಸಿಗೆ ಹಿಡಿದರೆ ಈ ವಯಸ್ಸಿನಲ್ಲಿ ಬಹಳ ದಿನ ತಡೆಯುವುದೂ ಇಲ್ಲ ಅಂದರು. ನನ್ನ ಗಂಡ ಅದನ್ನು ಕೇಳಿ ಗಾಬರಿಯಾಗಿ ಇನ್ನಷ್ಟು ಜೋಪಾನ ಮಾಡತೊಡಗಿದರು. ಗಂಡಸರ ಬುದ್ಧಿಗೆ ಏನು ಹೇಳುವುದು.

ಅತ್ತೆಗೆ ಬೇಜಾರಾಗದಿರಲಿ ಅಂತ ನನ್ನ ಗಂಡನೇ ಒಂದು ಮಣೆಯ ಮೇಲೆ ಬಣ್ಣದಲ್ಲಿ ಚೌಕ ಬರೆದು ಹಾಸಿಗೆಯ ಪಕ್ಕಕ್ಕೆ ತಂದಿಟ್ಟರು. ಒಳ್ಳೆಯ ಯೋಚನೆಯೇ. ನಾನು ಅಡಿಗೆ, ಸ್ಕೂಲು ಅಂತ ಓಡಾಡುತ್ತಿದ್ದ ದಿನಗಳಲ್ಲಿ ಅವರೇ ತಾಯಿಯ ಎದುರು ಆಡಲು ಕೂರುತ್ತಿದ್ದರು. ನಾಗಮಂಗಲಕ್ಕೆ ಕೊಟ್ಟಿದ್ದ ನನ್ನ ಗಂಡನ ಅಕ್ಕ ಬಂದರೆ ಅಕ್ಕ ಕೂರುತ್ತಿದ್ದರು. ಅತ್ತೆ ದಿನಾ ಗೆಲ್ಲುತ್ತಿದ್ದರು. ಕೆ.ಆರ್.ಪೇಟೆಯಿಂದ ಮೂಸಂಬಿ ಹಿಡಿದುಕೊಂಡು ನೋಡಲು ಬಂದ ನೆಂಟರು ಕೂಡ "ಏನಜ್ಜಿ, ದಿನಾ ನೀವೇ ಗೆಲ್ತಾ ಇದ್ದೀರಂತೆ" ಅಂತ ದೊಡ್ಡ ದನಿಯಲ್ಲಿ ಕೇಳಿ ಬೆನ್ನು ತಟ್ಟಿ ಹೋದರು. ಅತ್ತೆ ನಗಲಿಲ್ಲ. ಊಟ ಕಮ್ಮಿಯಾಗುತ್ತಾ ಬಂತು. ಅರ್ಧ ಮುದ್ದೆ, ಆಮೇಲೆ ಅದೂ ಇಲ್ಲ, ಒಂದು ಲೋಟ ಗಂಜಿ. ಹಗಲೆಲ್ಲ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು.

ಒಂದು ಭಾನುವಾರ ನಾನು ಪಕ್ಕದಲ್ಲೇ ಕೂತು ರಾಗಿ ಕೇರುತ್ತಿದ್ದೆ. ತಾಯಿ ಮಗ ಆಡುತ್ತಿದ್ದರು. ನನ್ನ ಗಂಡನ ಕಾಯಿಗಳು ಹೊರಸುತ್ತು ಮುಗಿಸಿ, ಮತ್ತೊಂದು ಹೊರಸುತ್ತಿಗೆ ಹೊರಟಿದ್ದವು. ಒಂದನ್ನೂ ಕಡಿದಿರಲಿಲ್ಲವಲ್ಲ, ಒಳಗೆ ಹೋಗುವ ಹಾಗಿಲ್ಲ. ಅತ್ತೆ ಮಗನ ಮುಖವನ್ನೇ ನೋಡಿದರು.

"ಯಾಕ್ಲಾ, ಗಾಣದೆತ್ತಿನಂಗೆ ಆಚೇಲೇ ಸುತ್ತುತಿದ್ದೀಯ? ಒಳೀಕೆ ಓಗಕ್ಕೆ ಮನಸಿಲ್ವಾ?"

"ಕವಡೆ ಬೀಳ್ತಿಲ್ಲ ಕಣವ್ವ."

"ಈಗ ಮೂರು ಬಿತ್ತಲ್ಲ. ನನ್ ಕಾಯಿ ಮೂರ್ನೇ ಮನೇಲೇ ಕುಂತದೆ."

"ಕಾಣ್ನಿಲ್ಲ ಕಣವ್ವ."

"ಈ ಮುದ್ಕಿ ಕಣ್ಗೆ ಕಂಡದ್ದು ನಿಂಗೆ ಕಾಣ್ನಿಲ್ವಾ?"

ನನ್ನ ಗಂಡ ತಲೆ ತಗ್ಗಿಸಿದರು. ಅತ್ತೆ ಮಣೆಯನ್ನು ಕೈಯಿಂದ ನೂಕಿದರು. ಕವಡೆ ಮಂಚದಡಿಗೆ ಉರುಳಿಹೋದವು. ದನಿ ಏರಿಸಲಿಲ್ಲ, ಅದೇ ನನಗೆ ಭಯವಾದದ್ದು. "ತೆಗ್ದಾಕು. ಸಾಯೋರ್ನ ಯಾರು ಸೋಲುಸ್ತಾರೆ ಬುಡು. ನೀವೆಲ್ಲ ಸೇರ್ಕಂಡು ನನ್ನ ಆಗ್ಲೇ ಗುಂಡೀಲಿ ಮಡಗ್ಬುಟ್ರಿ," ಅಂದು ಗೋಡೆಯ ಕಡೆ ತಿರುಗಿದರು. ಸಂಜೆ ಗಂಜಿಯನ್ನೂ ಮುಟ್ಟಲಿಲ್ಲ.

ನನಗೆ ಆ ದಿನ ಸಿಟ್ಟು ಬಂದದ್ದು ಯಾರ ಮೇಲೆ ಅಂತ ಹೇಳುವುದು ಕಷ್ಟ. ಗಂಡನ ಮೇಲಂತೂ ಅಲ್ಲ. ಅವರು ಹಿತ್ತಿಲಲ್ಲಿ ನಿಂತು ಚಿಕ್ಕ ಹುಡುಗನ ಹಾಗೆ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅತ್ತೆಯ ಮೇಲೆ ಸ್ವಲ್ಪ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಇಷ್ಟು ವರ್ಷ ನನ್ನ ಎದುರು ತೊಡೆ ತಟ್ಟಿದ ಹೆಂಗಸು ಹೀಗೆ ಗೋಡೆ ನೋಡಿಕೊಂಡು ಹೋಗಿಬಿಡುವುದೇ? ನನ್ನನ್ನು ಕೇಳದೆ?

ಮಾರನೆಯ ದಿನ ರಜಾ ಹಾಕಿದೆ. ನಾಗಮಂಗಲದ ಅಕ್ಕ ಬೆಳಗಿನ ಬಸ್ಸಿಗೆ ಬಂದಿದ್ದರು. ಮಧ್ಯಾಹ್ನ ನಾನು ಮಣೆಯನ್ನು ಅಟ್ಟದ ಮೇಲೆ ಎಸೆದು, ಸೀಮೆಸುಣ್ಣ ಹಿಡಿದು ಜಗಲಿಗೆ ಹೋಗಿ, ಹಳೆಯ ಚೌಕದ ಗೆರೆ ತಿದ್ದಿ, ನಾಲ್ಕು ಬಳೆಚೂರು ನನ್ನ ಕಡೆ, ನಾಲ್ಕು ಹೊಂಗೆಬೀಜ ಆ ಕಡೆ ಇಟ್ಟೆ. ಆಮೇಲೆ ಹಾಸಿಗೆಯ ಹತ್ತಿರ ಬಂದು ನಿಂತೆ.

"ಅತ್ತೆ, ಜಗಲಿ ಮೇಲೆ ಕಾಯಿ ಜೋಡಿಸಿದ್ದೀನಿ. ಬರೋದಾದ್ರೆ ಬನ್ನಿ. ಇಲ್ಲಿಗೆ ಮಾತ್ರ ನಾನು ತರೋದಿಲ್ಲ."

"ನಮ್ಮವ್ವನ್ನ ಕೊಲ್ಲಕ್ಕೇ ನಿಂತಿದ್ದೀಯ?" ಅಂತ ಅಕ್ಕ ಎದ್ದುಬಂದರು. "ನಿಲ್ಲಕ್ಕೆ ತ್ರಾಣ ಇಲ್ದೋಳ್ನ ಬೀದಿಗೆ ಕರೀತೀಯಲ್ಲ, ನಿಂಗೇನು ಕರುಳೈತಾ?"

ನಾನು ಹೋಗಿ ಜಗಲಿಯ ಮೇಲೆ ಕೂತೆ. ಅವರು ಬರದಿದ್ದರೆ ನಾನು ಊರಿಗೆಲ್ಲ ಗಯ್ಯಾಳಿ ಸೊಸೆಯಾಗುತ್ತೇನೆ, ಬಂದು ಬಿದ್ದರೆ ಕೊಲೆಗಾತಿಯೇ ಆಗುತ್ತೇನೆ. ಬೀದಿಯಲ್ಲಿ ಕಬ್ಬಿನ ಟ್ರಾಕ್ಟರೊಂದು ಹೋಯಿತು. ಅದರ ಸದ್ದು ಅಡಗಿದ ಮೇಲೆ ಒಳಗಿನಿಂದ ಗೋಡೆಗೆ ಕೈ ಸವರಿಕೊಂಡು ಬರುವ ಶಬ್ದ ಕೇಳಿಸಿತು. ಹಿಂದಿನಿಂದ ನನ್ನ ಗಂಡ ಎರಡೂ ಕೈ ಚಾಚಿಕೊಂಡು, ಮುಟ್ಟದೆ, ಕೋಳಿ ಹಿಡಿಯುವವರ ಹಾಗೆ ಬರುತ್ತಿದ್ದರು. ಹೊಸ್ತಿಲ ಹತ್ತಿರ ಅತ್ತೆ ಬಹಳ ಹೊತ್ತು ನಿಂತರು. ಆಮೇಲೆ ಬಾಗಿಲ ಚೌಕಟ್ಟು ಹಿಡಿದು ಒಂದು ಕಾಲು ದಾಟಿಸಿದರು, ಇನ್ನೊಂದನ್ನೂ ದಾಟಿಸಿದರು. ಕೂರಲು ಮಾತ್ರ ನಾನು ಕೈ ಕೊಟ್ಟೆ.

ಮೊದಲು ಅವರೇ ಹಾಕಿದರು. ಕವಡೆ ಕೈಯಿಂದ ಜಾರಿ ಬಿದ್ದವೇ ಹೊರತು ಎಸೆದ ಹಾಗಿರಲಿಲ್ಲ. ಆಟ ನಾಲ್ಕಾರು ಸುತ್ತು ಹೋಗುವುದರೊಳಗೆ ನನಗೆ ಎರಡು ಬಿತ್ತು. ಎರಡನೆಯ ಮನೆಯಲ್ಲಿ ಅವರ ಹೊಂಗೆಬೀಜ. ಅಕ್ಕ ನನ್ನ ಭುಜ ಅಮುಕಿದರು. ಅತ್ತೆ ಕಾಯಿಯನ್ನು ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದರು.

ನಾನು ಕಡಿದೆ. ಬೀಜ ಎತ್ತಿ ಅವರ ಮುಂದಿಟ್ಟೆ. "ತಗೊಳ್ಳಿ ಅತ್ತೆ, ತವರ್ಮನೆಗೋಗಿ ಬನ್ನಿ."

ಅತ್ತೆಯ ಬಾಯಿ ತೆರೆಯಿತು. "ಎಲಾ ಇವ್ಳ ಮನೆ ಕಾಯೋಗ! ಮುದ್ಕಿ ಅಂತಾನೂ ನೋಡ್ದಲೆ ಕಡುದ್ಬುಟ್ಲಲ್ಲ! ಇರು ನಿಂಗೆ ಮಾಡ್ತೀನಿ. ಲೇ ಮಗ, ನಂಗೊಸಿ ಎಲಡಿಕೆ ತತ್ತಾ!" ಅಂತ ಬೀದಿಗೆ ಕೇಳುವ ಹಾಗೆ ಕೂಗಿದರು. ನನ್ನ ಗಂಡ ಎಲೆಯಡಿಕೆ ತರಲು ಒಳಕ್ಕೆ ಓಡಿದವರು ಅಲ್ಲೇ ಬಿಕ್ಕಿದ್ದು ನನಗೆ ಕೇಳಿಸಿತು. ಆ ಆಟದಲ್ಲಿ ಅತ್ತೆ ಸೋತರು. ಕೆಟ್ಟದಾಗಿಯೇ ಸೋತರು. ಸಂಜೆ ಅರ್ಧ ಮುದ್ದೆ ಉಂಡು, ಸಾರಿಗೆ ಉಪ್ಪು ಜಾಸ್ತಿಯಾಗಿದೆ ಅಂದರು.

ಪವಾಡವೇನೂ ನಡೆಯಲಿಲ್ಲ. ಅವರು ಮೊದಲಿನ ಹಾಗೆ ಎಂದೂ ನಡೆಯಲಿಲ್ಲ. ಆದರೆ ನಾನು ಸ್ಕೂಲಿಂದ ಬರುವಷ್ಟರಲ್ಲಿ ಕೋಲೂರಿಕೊಂಡು ತಾವೇ ಜಗಲಿಗೆ ಬಂದು, ಕಾಯಿ ಜೋಡಿಸಿ ಕಾಯುತ್ತಿದ್ದರು. ದಿನವೂ ಹಾಸಿಗೆಯಿಂದ ಜಗಲಿಗೆ, ಜಗಲಿಯಿಂದ ಬಚ್ಚಲಿಗೆ. ಕಾಲು ಅಷ್ಟನ್ನು ಕಲಿತುಕೊಂಡಿತು. ನನ್ನ ಗಂಡ ಕೂಡ ಕಡಿಯಲು ಕಲಿತರು, ಕಡಿಯುವಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದರು ಅಷ್ಟೆ. ಹೀಗೆ ಎರಡು ವರ್ಷದ ಮೇಲೆ ನಡೆಯಿತು. ಕೈಯಲ್ಲಿ ಕವಡೆ ಕುಲುಕುವ ಬಲ ಹೋದಾಗ ತೆಂಗಿನ ಕರಟದಲ್ಲಿ ಹಾಕಿ ಮಗುಚಲು ಶುರುಮಾಡಿದರು. ಕಣ್ಣು ಮಂಜಾದಾಗ ಬಿದ್ದ ಕವಡೆಯನ್ನು ಒಂದೊಂದಾಗಿ ಬೆರಳಲ್ಲಿ ತಡವಿ ಎಣಿಸುತ್ತಿದ್ದರು. ನಾನು "ಮೂರು" ಅಂದರೂ ತಡವುತ್ತಿದ್ದರು. "ಮೇಷ್ಟ್ರಮ್ಮನ ಲೆಕ್ಕ ನಂಬಕ್ಕಾಗಕಿಲ್ಲ," ಅನ್ನುತ್ತಿದ್ದರು.

ಕೊನೆಯ ಆಟ ಆಡಿದ್ದು ಒಂದು ಮಧ್ಯಾಹ್ನ. ಆಗ ಅವರು ಜಗಲಿಗೆ ಬರುವುದು ನಿಂತು ಸ್ವಲ್ಪ ದಿನವಾಗಿತ್ತು. ನಾಗಮಂಗಲದ ಅಕ್ಕ ಬಂದು ಮನೆಯಲ್ಲೇ ಉಳಿದಿದ್ದರು. ಅಂದು ಅತ್ತೆಯೇ ಕೇಳಿದ್ದರಿಂದ ನನ್ನ ಗಂಡ ಅವರನ್ನು ಎತ್ತಿ ತಂದು, ಬೆನ್ನಿಗೆ ದಿಂಬು ಕೊಟ್ಟು ಜಗಲಿಯ ಮೇಲೆ ಕೂರಿಸಿದರು. ಹಗುರವಾಗಿದ್ದರು, ಒಣಗಿದ ಸೌದೆ ಹೊರೆಯ ಹಾಗೆ.

ಆಟ ಬಿಗಿಯಾಗಿ ಸಾಗಿತ್ತು. ನನ್ನದು ಒಂದೇ ಕಾಯಿ ಹೊರಗೆ ಉಳಿದಿತ್ತು, ಇನ್ನೇನು ಒಳಸುತ್ತಿಗೆ ಹೊರಡಬೇಕು. ಅತ್ತೆ ಕರಟ ಮಗುಚಿದರು. ಬೆರಳಾಡಿಸಿ ಎಣಿಸಿದರು. ಮೂರು. ಅವರ ಬೀಜದಿಂದ ಮೂರನೆಯ ಮನೆಯಲ್ಲಿ ನನ್ನ ಬಳೆಚೂರು. ಅವರ ಬೆರಳು ಅಲ್ಲಿಗೆ ಬಂದು ಬಳೆಚೂರನ್ನು ಮುಟ್ಟಿತು, ಹಿಂದಕ್ಕೆ ಹೋಯಿತು, ಬೇರೆ ಕಾಯಿ ನಡೆಸಿತು.

ನನಗೆ ಮೈಯೆಲ್ಲ ಉರಿದುಹೋಯಿತು. "ಯಾಕತ್ತೆ ಬಿಟ್ರಿ? ನನಗೇನು ರೋಗ ಬಂದಿದೆ ಅಂತ ಬಿಟ್ರಿ?"

ಅತ್ತೆ ಉಸಿರು ಎಳೆದುಕೊಂಡರು. "ಅಂಗಲ್ಲ ಕಣವ್ವ. ಕಡುದ್ರೆ ನಿನ್ ಕಾಯಿ ಮನೀಗೋಯ್ತದೆ. ಅದು ತಿರ್ಗಾ ಸುತ್ತಾಕ್ಕಂಡು ಬರಗಂಟ ನನ್ ಕೈಲಿ ಕುಂತಿರಕ್ಕಾಗಕಿಲ್ಲ."

ಎಬ್ಬಿಸಲು ಕೂರಿಸಲು ಬಿಟ್ಟರೆ ಇಷ್ಟು ವರ್ಷದಲ್ಲಿ ನಾನು ಅವರ ಕೈ ಹಿಡಿದುಕೊಂಡವಳಲ್ಲ. ಅಂದು ಹಿಡಿದುಕೊಂಡೆ. ನಡೆಸಿದ್ದ ಕಾಯಿಯನ್ನು ವಾಪಸ್ಸು ಇಟ್ಟು, ಅವರ ಬೆರಳನ್ನು ಸರಿಯಾದ ಬೀಜದ ಮೇಲೆ ಇಟ್ಟೆ. "ಕಡೀರಿ ಅತ್ತೆ. ನಾನು ಬಿರ್ರನೆ ಬತ್ತೀನಿ."

ಕಡಿದರು. ನನ್ನ ಬಳೆಚೂರನ್ನು ಎತ್ತಿಕೊಡುವಾಗ ತುಟಿ ಸ್ವಲ್ಪ ಓರೆಯಾಯಿತು. "ಬಿರ್ರನೆ ಬಾ ಮತ್ತೆ," ಅಂದರು.

ಬರಲು ಆಗಲಿಲ್ಲ. ನಾನು ಬೇಕೆಂದಾಗ ಕವಡೆ ಬೀಳಬೇಕಲ್ಲ. ಅರ್ಧ ಸುತ್ತು ಬರುವುದರೊಳಗೆ ಅವರು ದಿಂಬಿಗೆ ಒರಗಿಕೊಂಡು ನಿದ್ದೆ ಹೋಗಿದ್ದರು. ಆಟ ಎತ್ತಿಡಲು ನನಗೆ ಮನಸ್ಸು ಬರಲಿಲ್ಲ. ಅವರ ಸರದಿ ಬಂದಾಗಲೆಲ್ಲ ಕರಟವನ್ನು ಅವರ ಬೆರಳಿಗೆ ಮುಟ್ಟಿಸಿ ನಾನೇ ಮಗುಚಿದೆ, ಅವರಿಗೆ ಯಾವುದು ಒಳ್ಳೆಯದೋ ಅದನ್ನೇ ನಡೆಸಿದೆ. ನನ್ನ ಸರದಿಯಲ್ಲಿ ನನ್ನದನ್ನು ನಡೆಸಿದೆ. ಅಕ್ಕ ಕಂಬಕ್ಕೆ ಒರಗಿ ಎಲ್ಲವನ್ನೂ ನೋಡುತ್ತಿದ್ದರು. ಬಿಸಿಲು ಜಗಲಿಯಿಂದ ಇಳಿಯುವ ಹೊತ್ತಿಗೆ ಆಟ ಮುಗಿಯಿತು. ಒಂದು ಕಾಯಿಯ ಅಂತರದಲ್ಲಿ ನಾನು ಗೆದ್ದಿದ್ದೆ.

"ಅವ್ವನೇ ಗೆದ್ದದ್ದು ಅಂತ ಯೋಳ್ಬುಡು," ಅಂದರು ಅಕ್ಕ, ಮೆಲ್ಲಗೆ, ಬೇಡಿಕೊಳ್ಳುವ ಹಾಗೆ.

ಅದಾದ ಮೇಲೆ ಅತ್ತೆ ಇದ್ದದ್ದು ಕೆಲವೇ ದಿನ. ಅದರಲ್ಲಿ ಹೆಚ್ಚು ಹೊತ್ತು ಮಾತಿಲ್ಲ, ಕತೆಯಿಲ್ಲ. ಆದರೆ ಆಟದ ಮಾರನೆಯ ಬೆಳಿಗ್ಗೆ ಚೆನ್ನಾಗಿ ಎಚ್ಚರವಾಗಿದ್ದರು. ನಾನು ಗಂಜಿ ಕುಡಿಸಲು ಹೋದಾಗ ಮೊದಲು ಕೇಳಿದ್ದೇ, "ಯಾರು ಗೆದ್ದದ್ದು?"

ಅಕ್ಕ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು.

"ನಾನು," ಅಂದೆ.

ಅತ್ತೆ ಕಣ್ಣು ಮುಚ್ಚಿದರು. ಹುಬ್ಬು ಗಂಟಾಯಿತು. "ನಿದ್ದೆ ಮಾಡೋರ ಕಾಯಿ ಕಡ್ಯೋ ಜಾತಿ ನೀನು. ಎಷ್ಟು ಕಡುದೆ?"

"ಒಟ್ಟು ಎರಡು."

"ನಾನು?"

"ಮೂರು."

ಗಂಜಿಯ ಲೋಟ ನನ್ನ ಕೈಯಲ್ಲಿ ತಣ್ಣಗಾಗುತ್ತಿತ್ತು. ಆಮೇಲೆ ಬಾಯಿ ತೆರೆದು ಲೋಟದ ಕಡೆ ತಲೆ ತಂದರು.

"ಅಂಗಾರೆ ಮೋಸ ಇಲ್ಲ ಬುಡು," ಅಂದರು.